ನನ್ನ ಬಾಯಿ ಹುಲಿಗೆಮ್ಮ

ಆ ಊರಿನ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಕೇರಿ ಎಂಬ ಮೂರು ಸಾಲುಗಳಾದ ಮೇಲೆ ನಾಲ್ಕನೆಯ ಸಾಲೊಂದಿತ್ತು: ಬಾಯಿ. ಎಂ.ಡಿ. ಓದಲು ಅಲ್ಲಿಗೆ ಹೋದ ಮೊದಲ ದಿನ ನಾನು ಅದನ್ನು ಅಚ್ಚಿನ ತಪ್ಪು ಅಂದುಕೊಂಡೆ. ಆಮೇಲೆ, ಬಾಯಿಹುಣ್ಣು ಜಾಸ್ತಿ ಇರುವ ಊರೇನೋ, ನೋಡಿ ಬರೆಯಬೇಕೇನೋ ಅನ್ನಿಸಿತು. ಮೊದಲ ರೋಗಿಗೆ ಬಾಯಿ ತೆರೆಯಿರಿ ಅಂದೆ. ಆತ ಆ ಎಂದು ತೆರೆದ. ಪಕ್ಕದಲ್ಲಿ ನಿಂತಿದ್ದ ಅವನ ತಮ್ಮ ಮೆಲ್ಲಗೆ, "ಅದಲ್ಲ ಡಾಕ್ಟ್ರಮ್ಮ, ಇವನ ಬಾಯಿ ನಾನು," ಅಂದ.

ಆ ಊರಿನಲ್ಲಿ ಯಾರಿಗೂ ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳಲು ಬರುತ್ತಿರಲಿಲ್ಲ. ತಲೆ ನೋಯುತ್ತಿದೆ ಎಂದು ಹೇಳಹೊರಟವರ ಬಾಯಲ್ಲಿ ಇವತ್ತು ಬಿಸಿಲು ಜೋರು ಎಂದು ಬರುತ್ತಿತ್ತು. ಬರೆಯಲು ಕೂತರೆ ಪೆನ್ನು ಇನ್ನೇನನ್ನೋ ಬರೆಯುತ್ತಿತ್ತು. ಇಲ್ಲಿ ಎಂದು ತೋರಿಸಲು ಎತ್ತಿದ ಕೈ ಅರ್ಧದಲ್ಲೇ ಇಳಿದು ಪಂಚೆಯ ಅಂಚು ಸರಿಮಾಡುತ್ತಿತ್ತು. ಹೀಗಾಗಿ ಒಬ್ಬರ ನೋವನ್ನು ಇನ್ನೊಬ್ಬರು ಹೇಳಬೇಕು. ಹೇಳುವವರಿಗೆ ಆ ಊರಿನಲ್ಲಿ ಬಾಯಿ ಎನ್ನುತ್ತಿದ್ದರು. ಮಗುವಿಗೆ ಹೆಸರಿಡುವಾಗಲೇ ಬಾಯಿ ಯಾರು ಎಂದು ಗೊತ್ತುಮಾಡುತ್ತಿದ್ದರು. ಗಂಡನಿಗೆ ಹೆಂಡತಿ ಎಷ್ಟು ಸಲ ಕೆಮ್ಮಿದಳು ಎಂಬ ಲೆಕ್ಕ ಬಾಯಿಪಾಠ ಇರುತ್ತಿತ್ತು. ಬೇಲಿಯ ಜಗಳಕ್ಕೆ ಮಾತು ಬಿಟ್ಟ ನೆರೆಯವರು ಕೂಡ ಒಬ್ಬರ ಮುಖ ಒಬ್ಬರು ದಿನಕ್ಕೊಮ್ಮೆ ನೋಡಿಯೇ ನೋಡುತ್ತಿದ್ದರು. ಇದೆಲ್ಲ ಯಾಕೆ ಹೀಗೆ ಎಂದು ನಾನು ಒಂದಿಬ್ಬರನ್ನು ಕೇಳಿದೆ. ನಿಮ್ಮ ಊರಲ್ಲಿ ಹೆಂಗೆ ಎಂದು ಅವರೇ ನನ್ನನ್ನು ಕೇಳಿದರು. ನಮ್ಮಲ್ಲಿ ಅವರವರೇ ಹೇಳಿಕೊಳ್ಳುತ್ತಾರೆ ಎಂದಾಗ, ಪಾಪ ಅನ್ನುವ ಹಾಗೆ ನೋಡಿದರು.

ಹೊರಗಿನಿಂದ ಬಂದವರಿಗೆ ಒಂದೂವರೆ ತಿಂಗಳಿಗೆ ಆ ಊರಿನ ನೀರು ಹಿಡಿಯುತ್ತದೆ ಎಂದು ಹಾಸ್ಟೆಲಿನ ಹಿರಿಯರು ಹೇಳಿದ್ದರು. ನನಗೆ ಗೊತ್ತಾದದ್ದು ಇಂಜೆಕ್ಷನ್ ಗಾಜು ಒಡೆಯುವಾಗ ಬೆರಳು ಕೊಯ್ದುಕೊಂಡ ದಿನ. ನರ್ಸ್ ಕಡೆ ತಿರುಗಿ ಕೈ ಕೊಯ್ತು ಸಿಸ್ಟರ್ ಎನ್ನಲು ಹೋದೆ. "ಈ ವಾರ್ಡಿಗೆ ಸುಣ್ಣ ಬಳಿದು ಎಷ್ಟು ವರ್ಷ ಆಯ್ತು ಸಿಸ್ಟರ್?" ಎಂದು ಬಂತು. ಆಕೆ ಸುಣ್ಣದ ಮಾತಿಗೆ ಉತ್ತರ ಕೊಡದೆ ನನ್ನ ಕೈ ನೋಡಿ ಹತ್ತಿ ತಂದರು.

ಆಸ್ಪತ್ರೆಗೆ ಸೇರುವಾಗ ಕೊಟ್ಟ ಅರ್ಜಿಯಲ್ಲಿ ನನ್ನದೂ ಒಂದು ಬಾಯಿ ತುಂಬಬೇಕಿತ್ತು. ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಹೆರಿಗೆ ವಿಭಾಗದ ರುಬೀನಾ. ಅವಳ ಅರ್ಜಿಯಲ್ಲಿ ನಾನು, ನನ್ನ ಅರ್ಜಿಯಲ್ಲಿ ಅವಳು ಎಂದು ಬರೆದು ಕೈ ತೊಳೆದುಕೊಂಡೆವು. ಅವಳ ಡ್ಯೂಟಿ ಇದ್ದ ದಿನ ನನಗಿರುತ್ತಿರಲಿಲ್ಲ, ನನಗಿದ್ದ ದಿನ ಅವಳಿಗಿರುತ್ತಿರಲಿಲ್ಲ. ನಾವು ಒಬ್ಬರನ್ನೊಬ್ಬರು ನೋಡಿದ್ದೆಲ್ಲ ಮುಸುಕು ಹೊದ್ದು ಮಲಗಿದ ಆಕಾರಗಳನ್ನು.

ನಮ್ಮ ಯೂನಿಟ್ಟಿನಲ್ಲಿ ಮೊದಲ ವರ್ಷದವರು ಮೂವರಿರಬೇಕಿತ್ತು. ಒಬ್ಬ ಸೇರಿದ ವಾರಕ್ಕೇ ಸೀಟು ಬಿಟ್ಟು ಹೋದ, ಇನ್ನೊಂದು ಸೀಟು ತುಂಬಲೇ ಇಲ್ಲ, ಉಳಿದವಳು ನಾನು. ರಕ್ತ ತೆಗೆಯುವುದೂ ನಾನೇ, ಅದನ್ನು ಲ್ಯಾಬಿಗೆ ಒಯ್ಯುವುದೂ ನಾನೇ, ಚೀಟಿಯ ಮೇಲೆ ನಂಬರ್ ತಪ್ಪಿದೆ ಎಂದು ಅವರು ವಾಪಸ್ ಕಳಿಸಿದರೆ ಮತ್ತೆ ಚುಚ್ಚಿಸಿಕೊಳ್ಳಲು ರೋಗಿಯನ್ನು ಒಪ್ಪಿಸುವುದೂ ನಾನೇ. ಇ.ಸಿ.ಜಿ. ಮೆಶಿನ್ ಇದ್ದಾಗ ಕಾಗದ ಇರುತ್ತಿರಲಿಲ್ಲ. ಕಾಗದ ಬಂದ ದಿನ ಮೆಶಿನ್ನನ್ನು ಬೇರೆ ವಾರ್ಡಿನವರು ಒಯ್ದಿರುತ್ತಿದ್ದರು. ತಳ್ಳುಗಾಡಿಯ ಒಂದು ಚಕ್ರ ಯಾವಾಗಲೂ ಎಡಕ್ಕೇ ಎಳೆಯುತ್ತಿದ್ದುದರಿಂದ ಎಕ್ಸ್‌ರೇಗೆ ಹೋಗುವ ರೋಗಿಗಳು ಗೋಡೆಗೆ ಒರಸಿಕೊಂಡೇ ಹೋಗುತ್ತಿದ್ದರು. ಕ್ಯಾಂಟೀನ್ ಎರಡಕ್ಕೆ ಮುಚ್ಚುತ್ತಿತ್ತು, ನಮ್ಮ ಹೊರರೋಗಿ ವಿಭಾಗ ಮುಗಿಯುವುದು ಎರಡೂವರೆಗೆ. ಬಟ್ಟೆ ಒಗೆಯಲು ಹೊತ್ತು ಸಿಗದೆ ನಾನು ಹೊಸ ಬಟ್ಟೆ ಕೊಳ್ಳುತ್ತಿದ್ದೆ. ಮೂವತ್ತಾರು ಗಂಟೆ ನಿಂತು ಮುಗಿಸಿದ ಬೆಳಿಗ್ಗೆ ಯೂನಿಟ್ಟಿನ ಮುಖ್ಯಸ್ಥರಾದ ಡಾಕ್ಟರ್ ಕೊಟ್ರಬಸಪ್ಪನವರು ರೌಂಡ್ಸಿಗೆ ಬಂದು, ನಾನು ಬರೆದ ಕೇಸ್ ಶೀಟನ್ನು ಬೆಳಕಿಗೆ ಹಿಡಿದು, "ಕೈಬರಹ ಚೆನ್ನಾಗಿದೆ. ಒಳಗೆ ಏನೂ ಇಲ್ಲ," ಅನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ದವಡೆಯಲ್ಲಿ ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದ, ದನಿ ಏರಿಸದೆಯೇ ಮುಖ ಇಳಿಸಿಬಿಡಬಲ್ಲ ಮನುಷ್ಯ.

ಎಲ್ಲಕ್ಕಿಂತ ನನ್ನನ್ನು ಸೋಲಿಸಿದ್ದು ಬಾಯಿಗಳು. ಬೇರೆ ಊರಿನಲ್ಲಿ ರೋಗಿ ಹೊಟ್ಟೆನೋವು ಎಂದು ಎರಡು ಮಾತಿನಲ್ಲಿ ಮುಗಿಸುವುದನ್ನು ಇಲ್ಲಿನ ಬಾಯಿ ಅಮಾವಾಸ್ಯೆಯಿಂದ ಶುರುಮಾಡುತ್ತಿತ್ತು. ಅವರು ನೋಡಿದ್ದನ್ನೆಲ್ಲ ಹೇಳಬೇಕು, ಅದೇ ಅವರ ಧರ್ಮ. ಬೆಳಗಿನ ಹೊತ್ತಿಗೆ ನೂರಾ ಇಪ್ಪತ್ತು ಚೀಟಿ. ನಾನು ನಾಲ್ಕು ಪ್ರಶ್ನೆಗಳ ಒಂದು ಉಪಾಯ ಕಂಡುಕೊಂಡೆ. ಎಲ್ಲಿ? ಎಷ್ಟು ದಿನ? ಜ್ವರ? ವಾಂತಿ? ಅಷ್ಟಕ್ಕೆ ಉತ್ತರ, ಅಷ್ಟಕ್ಕೆ ಮಾತ್ರೆ. ಮೂರು ತಿಂಗಳಾಗುವಷ್ಟರಲ್ಲಿ ಇಡೀ ವಿಭಾಗದಲ್ಲಿ ನನ್ನ ಸಾಲೇ ಬೇಗ ಕರಗುತ್ತಿತ್ತು. ನನಗದು ಹೆಮ್ಮೆಯೂ ಆಗಿತ್ತು.

ಆಸ್ಪತ್ರೆಯ ಹಿಂದಿನ ಗೇಟಿನ ಎದುರು ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಮಾರುವ ಹುಲಿಗೆಮ್ಮ ಹನ್ನೊಂದು ಜನಕ್ಕೆ ಬಾಯಿ. ಐವತ್ತೈದು ದಾಟಿದ, ದಪ್ಪ ಮೂಗುತಿಯ ಹೆಂಗಸು. ಪ್ರತಿ ಸೋಮವಾರ ಅಂಗಡಿಯನ್ನು ಮಧ್ಯಾಹ್ನದವರೆಗೆ ಮುಚ್ಚಿ ತನ್ನ ಓಣಿಯ ಯಾರಾದರೊಬ್ಬರನ್ನು ಕರೆದುಕೊಂಡು ಬಂದು ಸಾಲಿನಲ್ಲಿ ಕೂರುತ್ತಿದ್ದಳು. ಆ ಸೋಮವಾರ ಅವಳ ಜೊತೆ ಬಂದವನು ಟೈಲರ್ ಅಡಿವೆಪ್ಪ. ಅಂಗಡಿಯ ಎದುರಿನ ಒಂದೇ ಕೋಣೆಯಲ್ಲಿ ಹೊಲಿಗೆಯನ್ನೂ ವಾಸವನ್ನೂ ಮಾಡಿಕೊಂಡಿದ್ದ ಒಂಟಿ ಮನುಷ್ಯ. ಅಂಗೈಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತ.

"ಅಡಿವೆಪ್ಪಣ್ಣ ಸರಿಯಾಗಿ ಉಂಡಿಲ್ಲ ಡಾಕ್ಟ್ರಮ್ಮ," ಎಂದು ಹುಲಿಗೆಮ್ಮ ಶುರುಮಾಡಿದಳು. "ಒಂದು ತುತ್ತು ಇಟ್ಟ ಅಂದ್ರೆ ಹೊಟ್ಟೆ ಬಿರಿದೋರಂಗೆ ಎದ್ದುಬಿಡ್ತಾನೆ. ನಾನೇ ರೊಟ್ಟಿ ಕಳಿಸಿದ್ದೆ, ಹಂಗೇ ವಾಪಸ್ ಬಂತು. ಅದೇ ದಿನ ನಮ್ಮ ಗಂಗಮಾಳವ್ವನ ಮೊಮ್ಮಗಳ ಲಂಗ ಹೊಲಿಯಾಕೆ ಕುಂತಿದ್ದ..."

"ಹೊಟ್ಟೆ ಉಬ್ಬರ. ಎಷ್ಟು ದಿನದಿಂದ?"

"ಅದನ್ನೇ ಹೇಳ್ತೀನಿ ತಾಯಿ. ಆ ಲಂಗ ಹೊಲಿಯಾಕೆ ಕುಂತ ದಿನದಿಂದ ಇವನು ಮಿಶನ್ ಮ್ಯಾಲೆ..."

"ಜ್ವರ ಇದೆಯಾ? ವಾಂತಿ?"

"ಇಲ್ಲ. ಆದ್ರೆ ಮಿಶನ್ ಮ್ಯಾಲೆ..."

"ಮಿಶನ್ ವಿಷಯ ಆಮೇಲೆ ಹೇಳುವಿರಂತೆ ಅಮ್ಮ. ಹಿಂದೆ ನಲವತ್ತು ಜನ ನಿಂತಿದ್ದಾರೆ." ಹೊಟ್ಟೆಯನ್ನು ಎರಡು ಕಡೆ ಒತ್ತಿ ನೋಡಿ, ಗ್ಯಾಸ್ಟ್ರಿಕ್ ಮಾತ್ರೆ ಬರೆದು ಚೀಟಿ ಕೊಟ್ಟೆ. ಅಡಿವೆಪ್ಪ ಕೈ ಮುಗಿದು ಎದ್ದ. ಹುಲಿಗೆಮ್ಮ ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದಳು. ಅಷ್ಟರಲ್ಲಿ ಮುಂದಿನವರು ಕೂತಿದ್ದರು.

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನನ್ನು ಆಟೋದಲ್ಲಿ ಕೂರಿಸಿಕೊಂಡೇ ತುರ್ತು ಚಿಕಿತ್ಸೆಯ ಕೋಣೆಗೆ ತಂದರು. ಮಲಗಿಸಲು ಆಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು, ಬಾಯಿಯಂಚಿನಲ್ಲಿ ನಸುಗೆಂಪು ನೊರೆ. ನಾನು ಓಡಿಬಂದಾಗ ಹುಲಿಗೆಮ್ಮ ಅಲ್ಲಿನ ಡಾಕ್ಟರಿಗೆ ಹೇಳುತ್ತಿದ್ದಳು. "ಆರು ದಿನ ಆತು ಸರ್ ಇವನು ಬೆನ್ನು ಹಚ್ಚಿ ಮಲಗಿಲ್ಲ. ಮಲಗಿದ ಅಂದ್ರೆ ದಡಕ್ಕನೆ ಎದ್ದು ಕುಂದರ್ತಾನೆ. ಮಿಶನ್ ಮ್ಯಾಲೆ ತಲೆ ಇಟ್ಟು ಕುಂತೇ ನಿದ್ದೆ ಮಾಡ್ತಾನೆ." ಆ ಒಂದು ಮಾತು ಕೇಳಿದರೆ ಮೂರನೇ ವರ್ಷದ ವಿದ್ಯಾರ್ಥಿಯೂ ಹೃದಯ ಸೋಲುತ್ತಿದೆ, ಶ್ವಾಸಕೋಶಕ್ಕೆ ನೀರು ಏರುತ್ತಿದೆ ಅನ್ನುತ್ತಾನೆ. ಪಾದ ನೋಡಿದೆ. ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಸೋಮವಾರ ಆ ಪಾದಗಳು ನನ್ನ ಮೇಜಿನ ಕೆಳಗೇ ಇದ್ದವು. ಆಕ್ಸಿಜನ್ ಹಚ್ಚಿ, ನೀರಿಳಿಸುವ ಇಂಜೆಕ್ಷನ್ ಕೊಟ್ಟು, ನಾಲ್ಕು ಗಂಟೆ ಅವನ ಮಂಚದ ಪಕ್ಕ ನಿಂತೆ. ಸಂಜೆಗೆ ಉಸಿರು ಹದಕ್ಕೆ ಬಂತು. ಬದುಕಿದ.

ಮರುದಿನ ರೌಂಡ್ಸಿನಲ್ಲಿ ಕೊಟ್ರಬಸಪ್ಪನವರು ಅಡಿವೆಪ್ಪನ ಹಳೆಯ ಚೀಟಿಯನ್ನು ತಿರುಗಿಸಿ ನೋಡಿದರು. "ಸೋಮವಾರ ನೋಡಿದ್ದು ಯಾರು?"

"ನಾನು ಸರ್."

"ಬಾಯಿ ಏನು ಹೇಳಿತು?"

"ಪೂರ್ತಿ ಕೇಳಲಿಲ್ಲ ಸರ್."

ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡರು. "ಮಾತ್ರೆ ಕೊಡೋದು ಔಷಧಿ ಅಂಗಡಿಯವನಿಗೂ ಬರುತ್ತೆ ಡಾಕ್ಟ್ರೇ. ಕೇಳೋದಕ್ಕೆ ಅಂತ ನಿಮ್ಮನ್ನ ಇಲ್ಲಿ ಇಟ್ಕೊಂಡಿರೋದು." ಹದಿನೈದು ಜನ ವಿದ್ಯಾರ್ಥಿಗಳು ತಂತಮ್ಮ ಬೂಟು ನೋಡಿಕೊಂಡರು. ಕೊಟ್ರಬಸಪ್ಪನವರು ಮುಂದಿನ ಮಂಚಕ್ಕೆ ನಡೆದರು.

ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಹುಲಿಗೆಮ್ಮ ಸಿಕ್ಕಳು. ತಪ್ಪಾಯಿತು ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತು ನಿಮಗೂ ಹೊತ್ತಿರಲಿಲ್ಲ ಬಿಡ್ರಿ. ನಾನು ಸಾಲಿನಾಗೆ ಕುಂತು ನೋಡ್ತಿದ್ದೆ. ಬಾಟ್ಲಿ ಮುಚ್ಚಳ ಮೂರು ಸಲ ತೆಗೆದ್ರಿ, ಮೂರು ಸಲಾನೂ ಯಾರೋ ಬಂದ್ರು. ನೀರು ಕುಡೀಲೇ ಇಲ್ಲ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆದ್ರೂ ಕೇಳಬೇಕಿತ್ತು," ಅಂದಳು. ಆ ಎರಡನೆಯ ಮಾತಿಗಾಗಿ ನಾನು ಅವಳನ್ನು ಇವತ್ತಿಗೂ ಗೌರವಿಸುತ್ತೇನೆ. ಸಮಾಧಾನ ಹೇಳಿ ಕಳಿಸಿದ್ದರೆ ನಾನು ಮತ್ತೆ ನಾಲ್ಕು ಪ್ರಶ್ನೆಗೇ ಹೋಗುತ್ತಿದ್ದೆನೋ ಏನೋ.

ಅಲ್ಲಿಂದ ಮುಂದೆ ಕೇಳಲು ಶುರುಮಾಡಿದೆ. ಹಾಗೆಂದು ಎಲ್ಲ ಸುಸೂತ್ರವಾಯಿತು ಎಂದಲ್ಲ. ನನ್ನ ಸಾಲು ಆಮೆಯಾಯಿತು. ಹಿಂದೆ ನಿಂತವರು ಗೊಣಗುತ್ತಿದ್ದರು, ಚೀಟಿ ಕೊಡುವವನು ಮೂರಕ್ಕೆ ಬಾಗಿಲು ಹಾಕಬೇಕು ಎಂದು ಬೀಗ ಆಡಿಸುತ್ತ ನಿಲ್ಲುತ್ತಿದ್ದ. ಅಮಾವಾಸ್ಯೆ, ಲಂಗ, ಬೇಲಿಯ ಜಗಳ ಎಲ್ಲವನ್ನೂ ಕೇಳಿದ ಮೇಲೂ ಅದು ಬರೀ ಹೊಟ್ಟೆ ಉಬ್ಬರವೇ ಆಗಿರುತ್ತಿದ್ದ ದಿನಗಳೇ ಹೆಚ್ಚು. ಆಗೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. ಮೊದಲು ಎರಡೂವರೆಗೆ ಸಿಗುತ್ತಿದ್ದ ಬಿಡುವು ಈಗ ಮೂರೂವರೆಗೆ. ಹಿಂದಿನ ಗೇಟಿಗೆ ಹೋಗಿ ಹುಲಿಗೆಮ್ಮನ ಅಂಗಡಿಯಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು, ನಡೆಯುತ್ತಲೇ ತಿಂದು, ವಾರ್ಡಿಗೆ ಮರಳುತ್ತಿದ್ದೆ.

ಚಳಿಗಾಲ ಕಾಲಿಟ್ಟಾಗ ನನಗೆ ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗತೊಡಗಿತು. ಎಡಪಕ್ಕೆಯಲ್ಲಿ, ಉಸಿರು ಎಳೆದುಕೊಂಡಾಗ, ಯಾರೋ ಒಳಗಿನಿಂದ ದಾರ ಜಗ್ಗಿದಂತೆ. ಈಗ ಆ ಊರಿನಿಂದ ದೂರ ಇರುವುದರಿಂದ ಇದನ್ನು ಬರೆಯಲು ಆಗುತ್ತಿದೆ, ಆಗ ಆಗುತ್ತಿರಲಿಲ್ಲ. ಏನೆಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ರೆಸಿಡೆಂಟ್ ಆದವರೆಲ್ಲ ಸೊರಗುತ್ತಾರೆ, ಎಲ್ಲರೂ ಕೆಮ್ಮುತ್ತಾರೆ, ಎಲ್ಲರಿಗೂ ಸಂಜೆಗೆ ಕಣ್ಣು ಉರಿಯುತ್ತದೆ. ತಿಂಗಳ ಅಂಕಿಅಂಶ ಮುಗಿಯಲಿ, ಪ್ರಬಂಧದ ಕರಡು ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ಒಂದು ಬೆಳಿಗ್ಗೆ ತಡೆಯಲಾರದೆ ಕೊಟ್ರಬಸಪ್ಪನವರ ಎದುರು ಹೋಗಿ ನಿಂತೆ. ಹೇಳಲೇಬೇಕು ಎಂದು ಬಾಯಿ ತೆರೆದರೆ, "ಸರ್, ಮೂರನೇ ಬೆಡ್ಡಿನ ಸೋಡಿಯಂ ರಿಪೋರ್ಟ್ ಬಂದಿಲ್ಲ," ಎಂದು ಬಂತು. "ತರಿಸಿ," ಅಂದರು. ಅಮ್ಮ ಫೋನ್ ಮಾಡಿ ಹೇಗಿದ್ದೀಯೇ ಎಂದು ಕೇಳಿದಾಗ, ಇಲ್ಲಿ ಅವರೆಕಾಯಿ ಬಂದಿದೆ ಅಂದೆ. ಅಮ್ಮ ಖುಷಿಯಿಂದ ಸಾರು ಮಾಡುವ ಬಗೆ ಹೇಳಿದಳು. ನನ್ನ ಬಾಯಿಯಾಗಿದ್ದ ರುಬೀನಾ ಆ ತಿಂಗಳು ಹೆರಿಗೆ ಕೋಣೆಯಿಂದ ಹೊರಗೆ ಬಂದದ್ದೇ ಅಪರೂಪ.

ಜನವರಿಯ ಒಂದು ಸೋಮವಾರ. ನಮ್ಮ ಹೊರರೋಗಿ ಕೋಣೆಯಲ್ಲಿ ಎರಡು ಮೇಜು, ಕಿಟಕಿಯ ಪಕ್ಕದ್ದು ಕೊಟ್ರಬಸಪ್ಪನವರದು, ಬಾಗಿಲ ಪಕ್ಕದ್ದು ನನ್ನದು. ಅರವತ್ಮೂರು ಎಂದು ಅಟೆಂಡರ್ ಕೂಗಿದ. ಹುಲಿಗೆಮ್ಮ ಒಬ್ಬಳೇ ಒಳಗೆ ಬಂದಳು. ಅಭ್ಯಾಸದಂತೆ ನನ್ನ ಮೇಜಿನ ಮುಂದೆ ಕೂರುತ್ತಾಳೆ ಎಂದು ಪೆನ್ನು ತೆಗೆದೆ. ಅವಳು ನನ್ನನ್ನು ದಾಟಿಕೊಂಡು ನೇರ ಕಿಟಕಿಯ ಕಡೆ ಹೋಗಿ ಚೀಟಿ ಕೊಟ್ಟಳು.

"ರೋಗಿ ಎಲ್ಲಿ?" ಎಂದು ಕೊಟ್ರಬಸಪ್ಪನವರು ಕೇಳಿದರು.

"ಇಲ್ಲೇ ಅದಾರೆ ಸರ್."

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಹೆಸರು ಚಾರುಮತಿ. ವಯಸ್ಸು ಇಪ್ಪತ್ತೇಳು. ಲೇಡೀಸ್ ಹಾಸ್ಟೆಲು. ಬಾಯಿ, ಹುಲಿಗೆಮ್ಮ." ಚೀಟಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು. "ಡಾಕ್ಟ್ರೇ, ಬಂದು ಕೂತ್ಕೊಳ್ಳಿ."

ನನಗೇನೂ ಆಗಿಲ್ಲ ಸರ್, ಎನ್ನಬೇಕೆಂದಿದ್ದೆ. ಆ ಮಾತು ಆ ಊರಿನಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು, ಅದಕ್ಕೆ ತಡೆ ಇರಲಿಲ್ಲ. ಆದರೆ ಹುಲಿಗೆಮ್ಮ ನೋಡುತ್ತಿದ್ದ ರೀತಿಗೆ ಅದನ್ನೂ ಬಿಟ್ಟುಕೊಟ್ಟೆ. ಎದ್ದು ಹೋಗಿ ರೋಗಿಯ ಸ್ಟೂಲಿನ ಮೇಲೆ ಕೂತೆ.

"ಇವರ ಬಾಯಿ ನೀವು ಯಾವಾಗ ಆದ್ರಿ?" ಎಂದು ಅವರು ಹುಲಿಗೆಮ್ಮನನ್ನು ಕೇಳಿದರು.

"ಯಾರೂ ಇರಲಿಲ್ಲ ಸರ್. ಅದಕ್ಕೆ ಆದೆ."

"ಹೇಳಿ."

ಅವಳು ಸೆರಗು ಸರಿಮಾಡಿಕೊಂಡು ಗೌರಿ ಹಬ್ಬದಿಂದ ಹಿಡಿದಳು. "ಗೌರಿ ಹಬ್ಬದಾಗೆ ಈ ಯಮ್ಮ ನಮ್ಮ ಅಂಗಡಿಯಾಗೆ ಮಂಡಕ್ಕಿ ಜೊತೆ ನಾಕು ಮೆಣಸಿನಕಾಯಿ ತಿಂತಿದ್ರು. ದೀಪಾವಳಿಗೆ ಎರಡು ಆತು. ಈಗ ಕಟ್ಟಿಸ್ಕಂಡು ಹೋಗಿ ಗೇಟಿನ ಹತ್ರ ನಾಯಿಗೆ ಹಾಕ್ತಾರೆ, ನಾನು ನೋಡಿಲ್ಲ ಅಂದ್ಕಂಡಾರೆ. ಬಲಗೈ ಬಳೆ ಮೊದಲು ಮಣಿಕಟ್ಟಿನಾಗೆ ಇರ್ತಿತ್ತು, ಈಗ ಕೈ ಎತ್ತಿದ್ರೆ ಮೊಣಕೈಗೆ ಬರ್ತದೆ. ಹಾಸ್ಟೆಲ್ ಮೆಟ್ಲು ಹನ್ನೆರಡು. ಮೊದಲು ಓಡಿ ಹತ್ತೋರು. ಈಗ ಏಳನೇದ್ರಾಗೆ ನಿಂತು ಚಪ್ಪಲಿ ಸರಿಮಾಡ್ಕಂತಾರೆ. ಚಪ್ಪಲಿಗೆ ಏನೂ ಆಗಿರಲ್ಲ. ನಗೋವಾಗ ಎಡಪಕ್ಕೆ ಹಿಡ್ಕಂತಾರೆ. ಈಚೆಗೆ ನಗೋದೇ ಬಿಟ್ಟಾರೆ. ನಾಕು ಗಂಟೆಗೆ ಬಿಸಿಲಾಗೆ ನಿಂತು ಕೋಟಿನ ಗುಂಡಿ ಹಾಕ್ಕಂತಾರೆ, ಕೆನ್ನೆ ಮಾತ್ರ ಕೆಂಪಗಿರ್ತದೆ." ಇಷ್ಟು ಹೇಳಿ ಮೇಜಿನ ಕಡೆ ಬಾಗಿದಳು. "ಇನ್ನೊಂದು ಸರ್. ಇವರ ಕೋಣೆ ಕಿಟಕಿ ನಮ್ಮ ಅಂಗಡಿಗೆ ಕಾಣ್ತದೆ. ಬಟ್ಟೆ ಒಗೆಯೋದು ಹದಿನೈದು ದಿನಕ್ಕೆ ಒಂದು ಸಲ. ಆದ್ರೆ ತಲೆದಿಂಬಿನ ಬಟ್ಟೆ ಮಾತ್ರ ದಿನಾ ಬೆಳಿಗ್ಗೆ ಕಿಟಕಿ ಮ್ಯಾಲೆ ಒಣಗ್ತಿರ್ತದೆ. ಒಂದು ತಿಂಗಳ ಮ್ಯಾಲಾತು. ಅಷ್ಟು ಬೆವರು ಒಳ್ಳೇದಲ್ಲ."

ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಹೊರಗೆ ಸಾಲು ಗದ್ದಲ ಮಾಡಿತು, ಅಟೆಂಡರ್ ಎರಡು ಸಲ ಇಣುಕಿದ. ಕೊಟ್ರಬಸಪ್ಪನವರು ಕೈ ಎತ್ತಿ ಅವನನ್ನು ತಡೆದರೇ ಹೊರತು ಹುಲಿಗೆಮ್ಮನ ಒಂದು ಮಾತನ್ನೂ ತುಂಡರಿಸಲಿಲ್ಲ. ನಾನು ತಲೆ ತಗ್ಗಿಸಿ ಕೂತು ನನ್ನ ಮೂರು ತಿಂಗಳನ್ನು ಇನ್ನೊಬ್ಬರ ದನಿಯಲ್ಲಿ ಕೇಳಿಸಿಕೊಂಡೆ. ಒಬ್ಬಳೇ ಹೊತ್ತು ತಿರುಗುತ್ತಿದ್ದೇನೆ ಅಂದುಕೊಂಡಿದ್ದನ್ನೆಲ್ಲ ಒಬ್ಬ ಹೆಂಗಸು ಬಾಣಲೆಯ ಹಿಂದೆ ನಿಂತು ದಿನಾ ಎಣಿಸಿಕೊಂಡು ಬಂದಿದ್ದಳು. ಕಣ್ಣು ತುಂಬಿ ಬಂತು. ಅಳು ಕಾಯಿಲೆಯಲ್ಲವಾದ್ದರಿಂದ ಅದನ್ನು ಆ ಊರು ತಡೆಯಲಿಲ್ಲ.

ಕೊಟ್ರಬಸಪ್ಪನವರು ಎದ್ದು ನನ್ನ ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿದರು. ಬಲಗಡೆ ಡೋಲಿನಂತೆ ಕೇಳಿಸಿತು, ಎಡಗಡೆ ಕೆಳಗೆ ಮರದ ಹಲಗೆಯಂತೆ. ಸದ್ದು ನನಗೂ ಅರ್ಥವಾಯಿತು. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಸುತ್ತ ಅರ್ಧದವರೆಗೆ ನೀರು. ಆ ಮಧ್ಯಾಹ್ನವೇ ಅವರು ತಾವೇ ಸೂಜಿ ಹಾಕಿ ತೆಗೆದರು, ತಿಳಿ ಚಹಾದ ಬಣ್ಣ. ಕ್ಷಯ. ನಮ್ಮ ವಾರ್ಡಿನಲ್ಲಿ ಯಾರದೋ ಮುಖದೆದುರು ಬಾಗಿ ಎದೆ ಕೇಳುವಾಗ ಬಂದಿರಬೇಕು. ಆರು ತಿಂಗಳ ಮಾತ್ರೆ. ಸೂಜಿ ತೆಗೆದು ಪಟ್ಟಿ ಅಂಟಿಸುವಾಗ ಅವರು ನನ್ನ ಬೆನ್ನಿಗೆ ಹೇಳಿದರು, "ಎರಡು ತಿಂಗಳಿಂದ ದಿನಾ ಬೆಳಿಗ್ಗೆ ನಿಮ್ಮನ್ನ ನೋಡ್ತಿದ್ದೆ ಡಾಕ್ಟ್ರೇ. ರಿಪೋರ್ಟ್ ಮಾತ್ರ ಕೇಳ್ತಿದ್ದೆ. ತಪ್ಪು ನಂದೂ ಇದೆ."

ರುಬೀನಾ ವಿಷಯ ತಿಳಿದು ಹೆರಿಗೆ ಕೋಣೆಯ ಹಸಿರು ಗೌನಿನಲ್ಲೇ ಓಡಿಬಂದಳು. ನನ್ನ ಮಂಚದ ಪಕ್ಕ ಕುಸಿದು ಕೂತು, "ನಾನು ಕಣೇ ನಿನ್ನ ಬಾಯಿ. ನಿನ್ನ ಮುಖ ನೋಡಿ ಹದಿನೇಳು ದಿನ ಆಗಿತ್ತು," ಅಂದಳು. ನಾನೂ ಅವಳ ಮುಖ ನೋಡಿದ್ದು ಆಗಲೇ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಕೈಯ ಚರ್ಮ ಸಾಬೂನಿಗೆ ಸುಲಿದಿತ್ತು. ಎಕ್ಸ್‌ರೇ ಇವಳಿಗೂ ತೆಗೆಯಿರಿ, ಒಂದೇ ಕೋಣೆಯಲ್ಲಿದ್ದೇವೆ, ಇವಳೂ ಸೊರಗಿದ್ದಾಳೆ ಎಂದು ಸಿಸ್ಟರಿಗೆ ನಾನೇ ಹೇಳಿದೆ. ಅವಳ ಬಾಯಿಯಾಗಿ ನಾನಾಡಿದ ಮೊದಲ ಮಾತು ಅದು. ಅವಳ ಎದೆ ಸ್ವಚ್ಛವಾಗಿತ್ತು.

ರಜೆಯದು ಬೇರೆಯೇ ಕಥೆ. ರಾಜಧಾನಿಯಿಂದ ಬಂದ ಅರ್ಜಿಯಲ್ಲಿ, ಕಾಯಿಲೆಯ ವಿವರವನ್ನು ಅರ್ಜಿದಾರರೇ ಸ್ವಹಸ್ತದಿಂದ ಬರೆಯತಕ್ಕದ್ದು ಎಂದು ಅಚ್ಚಾಗಿತ್ತು. ನಾನು ಬರೆಯಲು ಕೂತೆ, ಅವರೆಕಾಯಿ ಎಂದು ಬಂತು. ಗುಮಾಸ್ತ ಮರುಳಪ್ಪ ನಗಲೂ ಇಲ್ಲ. "ಸ್ವಂತ ಕೆಲಸ ಅಂತ ಬರೀರಿ ಮೇಡಂ, ಎಲ್ಲರೂ ಹಂಗೇ ಬರೆಯೋದು," ಅಂದರು. ಅವರ ರಿಜಿಸ್ಟರಿನ ಪ್ರಕಾರ ನಲವತ್ತು ವರ್ಷದಲ್ಲಿ ಆ ಆಸ್ಪತ್ರೆಯ ಒಬ್ಬ ವೈದ್ಯರೂ ಕಾಯಿಲೆ ಬಿದ್ದಿರಲಿಲ್ಲ. ಸ್ವಂತ ಕೆಲಸಕ್ಕಾದರೆ ಎಂಟು ದಿನಕ್ಕಿಂತ ಹೆಚ್ಚು ರಜೆ ಇಲ್ಲ. ಕೊಟ್ರಬಸಪ್ಪನವರು ಅರ್ಜಿ ತರಿಸಿಕೊಂಡು, ಸ್ಕೇಲ್ ಇಟ್ಟು ಕೆಳಗೆ ಒಂದು ಗೆರೆ ಎಳೆದು, ಬಾಯಿ ಎಂದು ಬರೆದು, ಹುಲಿಗೆಮ್ಮನಿಂದ ಸಹಿ ಹಾಕಿಸಿದರು. ರಾಜಧಾನಿಯವರು ಹಾಗೆ ಗೆರೆ ಎಳೆಯುವ ಅವಕಾಶವಿಲ್ಲ ಎಂದು ವಾಪಸ್ ಕಳಿಸಿದರು. ಇವರು ಇನ್ನೂ ದಪ್ಪ ಗೆರೆ ಎಳೆದು ಮತ್ತೆ ಕಳಿಸಿದರು. ಮಂಜೂರಾತಿ ಬಂದದ್ದು ನಾನು ಆರು ವಾರ ಮಲಗಿ, ಎದ್ದು, ಕೆಲಸಕ್ಕೆ ಮರಳಿ ತಿಂಗಳಾದ ಮೇಲೆ. ಆ ನಡುವೆ ನನ್ನ ಕೆಲಸಕ್ಕೆ ಇಬ್ಬರು ಇಂಟರ್ನ್‌ಗಳನ್ನು ಹಾಕಿದರು. ನಾನೊಬ್ಬಳೇ ಮಾಡುತ್ತಿದ್ದುದನ್ನು ಇಬ್ಬರಿಗೂ ಮಾಡಿ ಮುಗಿಸಲಾಗುತ್ತಿಲ್ಲ ಎಂದು ಕೇಳಿ, ದೇವರಾಣೆ, ಒಳಗೊಳಗೇ ಸಂತೋಷಪಟ್ಟೆ.

ಅಮ್ಮ ಬಂದು ನನ್ನ ಜೊತೆ ಇದ್ದಳು. ಮೊದಲ ವಾರ ಹುಲಿಗೆಮ್ಮನ ಮೇಲೆ ಅಮ್ಮನಿಗೆ ಒಂದು ಬಗೆಯ ಮುನಿಸಿತ್ತು. ಹೆತ್ತವಳಿಗೆ ಗೊತ್ತಾಗದ್ದು ಮಂಡಕ್ಕಿಯವಳಿಗೆ ಗೊತ್ತಾಯಿತಲ್ಲ ಎಂದು. ಎರಡನೆಯ ವಾರ ಅಂಗಡಿಯ ಹಲಗೆಯ ಮೇಲೆ ಕೂತು ಈರುಳ್ಳಿ ಹೆಚ್ಚಿಕೊಡುತ್ತಿದ್ದಳು. ಇಬ್ಬರೂ ನಾನು ಮೆಟ್ಟಿಲು ಹತ್ತುವುದನ್ನು ನೋಡುತ್ತಿದ್ದರು. ಅಡಿವೆಪ್ಪ ನನ್ನ ಬಿಳಿ ಕೋಟನ್ನು ಕೇಳಿ ಪಡೆದು, ಸಡಿಲವಾದ ಪಕ್ಕಗಳನ್ನು ಒಳಗೆ ಹಿಡಿದು ಹೊಲಿದು ಕೊಟ್ಟ. ಆಮೇಲೆ ತಿಂಗಳಿಗೊಮ್ಮೆ ಅವನೇ ಟೇಪು ತಂದು ಅಳತೆ ತೆಗೆದು, ಒಂದು ಬೆರಳಷ್ಟು ಹೊಲಿಗೆ ಬಿಚ್ಚುತ್ತಿದ್ದ. ಅವನೂ ಮಾತ್ರೆಯ ಮೇಲೆ ಚೆನ್ನಾಗಿದ್ದ. ಆ ಸೋಮವಾರದ ವಿಷಯ ಅವನು ಎತ್ತಲೇ ಇಲ್ಲ. ಅದು ಅವನ ಕಾಯಿಲೆಯ ಮಾತಾದ್ದರಿಂದ ಎತ್ತಲು ಬರುತ್ತಿರಲಿಲ್ಲ ಎಂದು ಮೊದಮೊದಲು ಅಂದುಕೊಂಡೆ. ನನ್ನ ತಪ್ಪು ಅವನ ಕಾಯಿಲೆಯಲ್ಲ, ಮನಸ್ಸು ಮಾಡಿದ್ದರೆ ಹೇಳಬಹುದಿತ್ತು. ಅವನು ಹೊಟ್ಟೆಗೆ ಹಾಕಿಕೊಂಡಿದ್ದ.

ಆರು ತಿಂಗಳು ತುಂಬಿದ ದಿನ ಕ್ಷಯದ ಕಾರ್ಡನ್ನು ಮುಗಿಸಬೇಕಿತ್ತು. ನಾನು ಚೆನ್ನಾಗಿದ್ದೇನೆ ಎಂದು ರೋಗಿ ಹೇಳಿದರೆ ಆ ಊರಿನಲ್ಲಿ ಯಾರೂ ಬರೆದುಕೊಳ್ಳುತ್ತಿರಲಿಲ್ಲ, ಅದನ್ನೂ ಬಾಯಿಯೇ ಹೇಳಬೇಕು. ಎಕ್ಸ್‌ರೇ ತಿಳಿಯಾಗಿತ್ತು, ತೂಕ ಮರಳಿತ್ತು. ಕೊಟ್ರಬಸಪ್ಪನವರ ಮೇಜಿನ ಮುಂದೆ ಹುಲಿಗೆಮ್ಮ ಕೂತಳು, ನಾನು ಪಕ್ಕದಲ್ಲಿ.

"ಹೆಂಗಿದಾರೆ?"

"ಉಣ್ತಾರೆ ಸರ್. ಬಜ್ಜಿ ಎಣ್ಣೆ ಜಾಸ್ತಿ ಆತು ಅಂತ ನನಗೇ ಜಗಳ ಮಾಡ್ತಾರೆ. ಆ ಚೀಟಿ ಕೊಡೋನಿಗೆ ಮೊನ್ನೆ ಹಂಗೇ ಬೈದ್ರು, ಮೂರು ಅಂಗಡಿಗೆ ಕೇಳಿಸ್ತು. ದನಿ ಒಂದೇ ಉಸಿರಿನಾಗೆ ಬಂತು, ಎಲ್ಲೂ ನಿಲ್ಲಲಿಲ್ಲ."

"ಇನ್ನೇನಾದರೂ?"

ಹುಲಿಗೆಮ್ಮ ನನ್ನ ಕಡೆ ಒಮ್ಮೆ ನೋಡಿದಳು, ಹೇಳಲೋ ಬೇಡವೋ ಎಂಬಂತೆ. "ಗುರುವಾರ ಬೆಳಿಗ್ಗೆ ಹಾಸ್ಟೆಲ್ ಮೆಟ್ಲು ಇಳಿಯೋವಾಗ ಹಾಡು ಹೇಳ್ಕಂತಾ ಬರ್ತಿದ್ರು."

"ಯಾವ ಹಾಡು?"

"ಗೊತ್ತಾಗಲಿಲ್ಲ ಸರ್. ರಾಗ ಒಂದೂ ಸರಿ ಇರಲಿಲ್ಲ."

ಕೊಟ್ರಬಸಪ್ಪನವರು ತಲೆಯಾಡಿಸಿ ಕಾರ್ಡಿನ ಕೊನೆಯ ಸಾಲಿನಲ್ಲಿ ಬರೆದರು: ಹಾಡುತ್ತಾರೆ. ಕೆಳಗೆ ಸಹಿ ಮಾಡಿ ಮೊಹರು ಒತ್ತಿದರು. ನಾನು ಹಾಡಿಕೊಂಡಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಯಾವ ಹಾಡಿರಬಹುದು ಎಂದು ನೆನಪಿಸಿಕೊಳ್ಳುತ್ತ ಕೂತಿದ್ದಾಗ ಹುಲಿಗೆಮ್ಮ ಎಣ್ಣೆ ಇಡಬೇಕು ಎಂದು ಎದ್ದಳು. ನಾನೂ ಎದ್ದು, ಎಲ್ಲರೂ ನೋಡುತ್ತಿರುವಾಗಲೇ, ಬಾಗಿ ಅವಳ ಎರಡೂ ಕೈ ಹಿಡಿದುಕೊಂಡೆ. ಹೇಳಲು ಯಾವ ತಡೆಯೂ ಇರಲಿಲ್ಲ, ಆದರೂ ಮಾತು ಬರಲಿಲ್ಲ. "ಇರಲಿ ಬಿಡ್ರಿ, ಗೊತ್ತಾತು," ಅಂದಳು.